ನಾಲ್ಕನೇ ಗ್ರೆನೇಡಿಯರ್ಸ್: ಒಂದು ಪಲ್ಟನ್ನಿನ ಕಥೆ

ಕಳೆದ ವರ್ಷ ಸ್ವಾತಂತ್ರ್ಯ ದಿನದ ಹಿಂದಿನ ರಾತ್ರಿ ನಮ್ಮ ಟ್ಯೂಷನ್ ಗೆಳೆಯರ ವಾಟ್ಸ್ಆ್ಯಪ್ ಗುಂಪಿಗೆ ಒಂದು ಸಂದೇಶ ಬಂತು. ಯಾರೋ ಬರೆದದ್ದನ್ನು ಗೆಳೆಯನೊಬ್ಬ ಹಾಗೇ ಮುಂದಕ್ಕೆ ಕಳಿಸಿದ್ದ. ಅದರಲ್ಲಿದ್ದದ್ದು ಇಷ್ಟು: ಭಾರತದ ಸೈನ್ಯದಲ್ಲಿ ಮೊದಲು 'ಮುಸ್ಲಿಂ ರೆಜಿಮೆಂಟ್' ಎಂಬುದಿತ್ತು, 1965ರ ಯುದ್ಧದಲ್ಲಿ ಅದರ ಸೈನಿಕರು ಪಾಕಿಸ್ತಾನದ ವಿರುದ್ಧ ಹೋರಾಡಲು ಒಪ್ಪಲಿಲ್ಲ, ಆದ್ದರಿಂದ ಸರ್ಕಾರ ಆ ರೆಜಿಮೆಂಟನ್ನೇ ಮುಚ್ಚಿಬಿಟ್ಟಿತು.

ಆ ಗುಂಪಿನಲ್ಲಿ ಮೂವತ್ತೆರಡು ಜನ ಇದ್ದೇವೆ. ಮನೆಯಲ್ಲಿ ಉರ್ದು ಮಾತಾಡುವವರು ನಾನೂ ಸೇರಿ ನಾಲ್ವರು. ನಾಲ್ವರೂ ಸಂದೇಶ ಓದಿದೆವು, ಯಾರೂ ಏನೂ ಬರೆಯಲಿಲ್ಲ. ಕಳಿಸಿದವನು ಕೆಟ್ಟ ಹುಡುಗನೇನಲ್ಲ. ನನಗೆ ಜ್ವರ ಬಂದಾಗ ಅರ್ಥಶಾಸ್ತ್ರದ ನೋಟ್ಸ್ ಬರೆದುಕೊಟ್ಟವನು ಅವನೇ. ನಾನು ಸುಮ್ಮನಿದ್ದದ್ದು ಕೋಪದಿಂದಲ್ಲ. ನನ್ನ ಬಳಿ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ, ಒಂದು ಕ್ಷಣ 'ಇದು ನಿಜವೂ ಇರಬಹುದೇ?' ಎಂದು ನನಗೇ ಅನ್ನಿಸಿತು. ಸಂದೇಶಕ್ಕಿಂತ ಆ ಅನುಮಾನವೇ ನನ್ನನ್ನು ಹೆಚ್ಚು ಕಾಡಿತು.

ನಮ್ಮ ಅಕೌಂಟೆನ್ಸಿ ತರಗತಿಯಲ್ಲಿ ಮೊದಲ ವರ್ಷವೇ ಒಂದು ಮಾತು ಕಲಿಸುತ್ತಾರೆ: ವೋಚರ್ ಇಲ್ಲದೆ ಎಂಟ್ರಿ ಬರೆಯಬಾರದು. ಖರ್ಚಾಗಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ರಸೀದಿ ತೋರಿಸಬೇಕು. ಈ ಸಂದೇಶಕ್ಕೆ ರಸೀದಿ ಎಲ್ಲಿದೆ ಎಂದು ಹುಡುಕಲು ಶುರುಮಾಡಿದೆ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಂದು ಕಾಲಾಳು ಪಡೆಯ ಕಥೆ. ಅದನ್ನು ನಿಮ್ಮೆಲ್ಲರ ಜೊತೆ ಹಂಚಿಕೊಳ್ಳಲು ಈ ಲೇಖನ.

ಮೊದಲು ರೆಜಿಮೆಂಟ್ ಎಂದರೇನು?

ಸೈನ್ಯದ ಲೆಕ್ಕ ನಮ್ಮ ಕಾಲೇಜಿನ ಲೆಕ್ಕದಂತೆಯೇ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಸುಮಾರು ಹತ್ತು ಜನ ಸೇರಿದರೆ ಒಂದು ಸೆಕ್ಷನ್. ಮೂರು ಸೆಕ್ಷನ್ ಸೇರಿದರೆ ಒಂದು ಪ್ಲಟೂನ್. ಮೂರು ಪ್ಲಟೂನ್ ಸೇರಿ ಒಂದು ಕಂಪನಿ, ಅಂದರೆ ನೂರಕ್ಕೂ ಸ್ವಲ್ಪ ಹೆಚ್ಚು ಜನ. ಕೆಲವು ಕಂಪನಿಗಳು ಸೇರಿ ಒಂದು ಬೆಟಾಲಿಯನ್, ಅದರಲ್ಲಿ ಸುಮಾರು 800 ಜನ. ಯುದ್ಧಕ್ಕೆ ಹೋಗುವುದು ಬೆಟಾಲಿಯನ್. ಸೈನಿಕರು ಪ್ರೀತಿಯಿಂದ ಅದನ್ನು 'ಪಲ್ಟನ್' ಎನ್ನುತ್ತಾರೆ. ಇಂಥ ಅನೇಕ ಪಲ್ಟನ್‌ಗಳ ಮನೆತನದ ಹೆಸರೇ ರೆಜಿಮೆಂಟ್. '4 ಗ್ರೆನೇಡಿಯರ್ಸ್' ಎಂದರೆ ಗ್ರೆನೇಡಿಯರ್ಸ್ ಎಂಬ ಮನೆತನದ ನಾಲ್ಕನೇ ಬೆಟಾಲಿಯನ್ ಎಂದು ಅರ್ಥ.

ನಮ್ಮ ಸೈನ್ಯದಲ್ಲಿ ಸಿಖ್, ಜಾಟ್, ಡೋಗ್ರಾ, ರಾಜಪೂತ್ ಎಂಬ ಹೆಸರಿನ ರೆಜಿಮೆಂಟುಗಳಿವೆ. ಮದ್ರಾಸ್, ಪಂಜಾಬ್, ಬಿಹಾರ್ ಎಂದು ಊರು ಸೀಮೆಯ ಹೆಸರಿನವೂ ಇವೆ. ಆದರೆ 1965ರಲ್ಲಿ ಭಾರತದ ಸೈನ್ಯದಲ್ಲಿ 'ಮುಸ್ಲಿಂ ರೆಜಿಮೆಂಟ್' ಎಂಬ ಹೆಸರಿನದು ಯಾವುದೂ ಇರಲಿಲ್ಲ. ಇಲ್ಲದ್ದನ್ನು ಮುಚ್ಚಲು ಆಗುವುದಿಲ್ಲ. 2020ರಲ್ಲಿ ಸೈನ್ಯದ ಮೂರೂ ಪಡೆಗಳ ಸುಮಾರು 120 ನಿವೃತ್ತ ಯೋಧರು ಇದೇ ಸುಳ್ಳಿನ ಬಗ್ಗೆ ರಾಷ್ಟ್ರಪತಿಯವರಿಗೆ ಪತ್ರ ಬರೆದರು. ನೌಕಾಪಡೆಯ ಮಾಜಿ ಮುಖ್ಯಸ್ಥರಾದ ಅಡ್ಮಿರಲ್ ಎಲ್. ರಾಮದಾಸ್ ಅವರೂ ಅದರಲ್ಲಿದ್ದರು. ಇಂಥ ಸುಳ್ಳು ಸೈನಿಕರ ಮನೋಬಲಕ್ಕೆ ಪೆಟ್ಟು ಕೊಡುತ್ತದೆ, ಹರಡುವವರ ಮೇಲೆ ಕ್ರಮ ಕೈಗೊಳ್ಳಿ ಎಂದು ಅವರು ಕೇಳಿದ್ದರು.

ಹಾಗಾದರೆ 1965ರಲ್ಲಿ ಮುಸ್ಲಿಂ ಸೈನಿಕರು ಎಲ್ಲಿದ್ದರು? ಬೇರೆ ಬೇರೆ ರೆಜಿಮೆಂಟುಗಳಲ್ಲಿ, ಬೇರೆಯವರ ಜೊತೆಯಲ್ಲೇ ಇದ್ದರು. ಅಂಥ ಒಂದು ರೆಜಿಮೆಂಟೇ ಗ್ರೆನೇಡಿಯರ್ಸ್. ಇದರಲ್ಲಿ ಜಾಟರು, ಡೋಗ್ರಾಗಳು, ರಾಜಸ್ಥಾನದ ಕಾಯಂಖಾನಿ ಮುಸ್ಲಿಮರು, ಉತ್ತರ ಪ್ರದೇಶದ ಮುಸ್ಲಿಮರು ಎಲ್ಲರೂ ಇದ್ದರು, ಈಗಲೂ ಇದ್ದಾರೆ.

ದಾಳಿಂಬೆಯಿಂದ ಬಂದ ಹೆಸರು

'ಗ್ರೆನೇಡ್' ಎಂಬ ಪದ ಫ್ರೆಂಚ್ ಭಾಷೆಯಲ್ಲಿ ದಾಳಿಂಬೆ ಹಣ್ಣಿಗಿರುವ ಹೆಸರಿನಿಂದ ಬಂದದ್ದು. ದುಂಡಗಿನ ಕಬ್ಬಿಣದ ಗುಂಡಿನೊಳಗೆ ಮದ್ದು ತುಂಬಿ, ಬತ್ತಿ ಹಚ್ಚಿ ಎಸೆಯುತ್ತಿದ್ದರು. ಆಕಾರ ದಾಳಿಂಬೆಯ ಹಾಗೆ; ಒಡೆದರೆ ಕಾಳಿನ ಹಾಗೆ ಚೂರುಗಳು ಚೆಲ್ಲುತ್ತಿದ್ದವು. ನಮ್ಮ ಮನೆಯಲ್ಲಿ ದಾಳಿಂಬೆಗೆ 'ಅನಾರ್' ಎನ್ನುತ್ತೇವೆ. ಕಿಡಿ ಚಿಮ್ಮಿಸುವ ಹೂಕುಂಡ ಪಟಾಕಿಗೂ ಉರ್ದುವಿನಲ್ಲಿ ಅನಾರ್ ಎಂದೇ ಹೆಸರು. ಎರಡು ದೂರದ ಭಾಷೆಗಳು ಒಂದೇ ಹಣ್ಣನ್ನು ನೋಡಿ ಮದ್ದುಗುಂಡಿಗೆ ಹೆಸರಿಟ್ಟದ್ದು ನನಗೆ ತಮಾಷೆ ಎನಿಸಿತು.

ಆ ಗುಂಡು ಎಸೆಯಲು ಎತ್ತರದ, ಗಟ್ಟಿ ತೋಳಿನ, ಶತ್ರುವಿನ ಹತ್ತಿರ ಹೋಗಲು ಹೆದರದ ಆಳುಗಳು ಬೇಕಿತ್ತು. ಅಂಥವರನ್ನು ಆರಿಸಿ ಬೇರೆ ಕಂಪನಿ ಮಾಡುತ್ತಿದ್ದರು. ಅವರೇ ಗ್ರೆನೇಡಿಯರುಗಳು. ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಸೈನ್ಯದಲ್ಲಿ ಇಂಥ ಕಂಪನಿಗಳನ್ನು ಒಟ್ಟುಗೂಡಿಸಿ 1779ರಲ್ಲಿ ಒಂದು ಗ್ರೆನೇಡಿಯರ್ ಬೆಟಾಲಿಯನ್ ಮಾಡಿದರು. ಇಂದಿನ ರೆಜಿಮೆಂಟಿನ ಬೇರು ಅಲ್ಲಿದೆ. ಈಗಲೂ ಅದರ ಬ್ಯಾಡ್ಜಿನಲ್ಲಿ ಉರಿಯುವ ಗ್ರೆನೇಡ್ ಇದೆ. ಧ್ಯೇಯವಾಕ್ಯ 'ಸರ್ವದಾ ಶಕ್ತಿಶಾಲಿ'. ತರಬೇತಿ ಕೇಂದ್ರ ಮಧ್ಯಪ್ರದೇಶದ ಜಬಲ್‌ಪುರದಲ್ಲಿದೆ.

ಮಂಗಳೂರಿನ ಪುಟ

ಇಲ್ಲಿಯವರೆಗೆ ಓದುತ್ತಾ ಖುಷಿಯಾಗಿದ್ದೆ. ಆಮೇಲೆ ಈ ರೆಜಿಮೆಂಟಿನ ಹಳೆಯ ಯುದ್ಧ ಗೌರವಗಳ ಪಟ್ಟಿ ನೋಡಿದೆ. ಯುದ್ಧ ಗೌರವ ಎಂದರೆ, ಚೆನ್ನಾಗಿ ಹೋರಾಡಿದ ಸ್ಥಳದ ಹೆಸರನ್ನು ಪಲ್ಟನ್ನಿನ ಧ್ವಜದ ಮೇಲೆ ಬರೆಯಲು ಕೊಡುವ ಅನುಮತಿ. ಆ ಪಟ್ಟಿಯಲ್ಲಿ ಒಂದು ಹೆಸರು 'ಮಂಗಳೂರು'.

ಹೈಸ್ಕೂಲಿನಲ್ಲಿದ್ದಾಗ ಪ್ರವಾಸಕ್ಕೆಂದು ನಾವು ಮಂಗಳೂರಿಗೆ ಹೋಗಿದ್ದೆವು. ಬೋಳೂರಿನ ಸುಲ್ತಾನ್ ಬತ್ತೇರಿ ಹತ್ತಿ, ತೋಪಿನ ಕಿಂಡಿಗಳಿಂದ ಗುರುಪುರ ಹೊಳೆ ನೋಡಿದ್ದೆ. ಟಿಪ್ಪು ಸುಲ್ತಾನ್ 1784ರಲ್ಲಿ ಅದನ್ನು ಕಟ್ಟಿಸಿದ್ದು, ಹೊಳೆಯ ದಾರಿಯಲ್ಲಿ ಶತ್ರುವಿನ ಹಡಗು ಒಳಗೆ ಬರಬಾರದೆಂದು. ಯಾಕೆ ಆ ವರ್ಷವೇ ಕಟ್ಟಿಸಿದ ಎಂದು ಆಗ ನಾನು ಕೇಳಿರಲಿಲ್ಲ. ಉತ್ತರ ಈಗ ಸಿಕ್ಕಿತು.

ಹೈದರಾಲಿ 1782ರ ಡಿಸೆಂಬರಿನಲ್ಲಿ ತೀರಿಕೊಂಡ. ಮರುವರ್ಷ ಬಾಂಬೆಯಿಂದ ಬಂದ ಕಂಪನಿ ಸೈನ್ಯ ಬಿದನೂರನ್ನೂ ಮಂಗಳೂರನ್ನೂ ಹಿಡಿಯಿತು. ಟಿಪ್ಪು ಬಿದನೂರನ್ನು ಮರಳಿ ಗೆದ್ದು, 1783ರ ಮೇ ತಿಂಗಳಲ್ಲಿ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆಯೊಳಗಿದ್ದವರ ನಾಯಕ ಕರ್ನಲ್ ಕ್ಯಾಂಪ್‌ಬೆಲ್. ಆದರೆ ಒಳಗಿದ್ದವರಲ್ಲಿ ಹೆಚ್ಚಿನವರು ಭಾರತೀಯ ಸಿಪಾಯಿಗಳೇ. ಮಳೆಗಾಲ ಕಳೆಯಿತು, ಚಳಿಗಾಲ ಬಂತು. ಗುಂಡಿಗಿಂತ ಹಸಿವು, ಕಾಯಿಲೆಯಿಂದ ಹೆಚ್ಚು ಜನ ಸತ್ತರು. ಕೊನೆಗೆ 1784ರ ಜನವರಿ 30ರಂದು ಕೋಟೆಯವರು ಶರಣಾದರು. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಸೋತರೂ ಅಷ್ಟು ತಿಂಗಳು ಕೋಟೆ ಬಿಟ್ಟುಕೊಡದ ಬಾಂಬೆ ಸಿಪಾಯಿಗಳ ಪಲ್ಟನ್ನಿಗೆ 'ಮಂಗಳೂರು' ಎಂಬ ಯುದ್ಧ ಗೌರವ ಸಿಕ್ಕಿತು. ಅದು ಗ್ರೆನೇಡಿಯರ್ಸ್ ಪಾಲಿಗೆ ಬಂತು.

ಅಂದರೆ ನಾನು ಹೆಮ್ಮೆಪಡಲು ಹೊರಟಿದ್ದ ಪಲ್ಟನ್ನಿನ ಹಿರಿಯರು ನಮ್ಮ ನೆಲದಲ್ಲೇ, ಟಿಪ್ಪುವಿನ ಎದುರು, ಪರದೇಶಿ ಕಂಪನಿಯ ಸಂಬಳಕ್ಕೆ ಹೋರಾಡಿದ್ದರು! ಎರಡು ದಿನ ನಾನು ಈ ಲೇಖನ ಬರೆಯುವುದನ್ನೇ ನಿಲ್ಲಿಸಿದ್ದೆ. ಈ ಪುಟ ಬಿಟ್ಟು ಬರೆದರೆ ಯಾರಿಗೆ ಗೊತ್ತಾಗುತ್ತದೆ ಎಂದೂ ಯೋಚಿಸಿದೆ. ಆದರೆ ಹಾಗೆ ಮಾಡಿದರೆ ನನಗೂ ಆ ಸಂದೇಶ ಬರೆದವನಿಗೂ ಏನು ವ್ಯತ್ಯಾಸ? ಬೇಕಾದ ಎಂಟ್ರಿ ಇಟ್ಟುಕೊಂಡು ಬೇಡದ್ದನ್ನು ಹರಿದು ಹಾಕುವುದು ಲೆಕ್ಕವಲ್ಲ.

ಸೈನ್ಯ ಈ ಸಮಸ್ಯೆಯನ್ನು ಹೇಗೆ ಬಗೆಹರಿಸಿತು ಎಂದು ನೋಡಿದೆ. ಸ್ವಾತಂತ್ರ್ಯದ ನಂತರ ನಮ್ಮ ಸೈನ್ಯ, ಭಾರತವನ್ನೇ ಗುಲಾಮಗಿರಿಗೆ ತಳ್ಳಿದ ಯುದ್ಧಗಳಿಂದ ಬಂದ ಗೌರವಗಳನ್ನು ಬೇರೆ ಪಟ್ಟಿ ಮಾಡಿತು. ಅವು ಇತಿಹಾಸದಲ್ಲಿ ಉಳಿಯುತ್ತವೆ, ಆದರೆ ಅವನ್ನು ಸಂಭ್ರಮದಿಂದ ಆಚರಿಸುವುದಿಲ್ಲ. 'ಮಂಗಳೂರು' ಆ ಪಟ್ಟಿಯಲ್ಲಿದೆ. 'ಶ್ರೀರಂಗಪಟ್ಟಣ'ವೂ ಇದೆ. ನಮ್ಮ ವಿಷಯದಲ್ಲೂ ಹೀಗೇ ಅಲ್ಲವೇ? ಲೆಕ್ಕದ ಪುಸ್ತಕದಲ್ಲಿ ತಪ್ಪಾದರೆ ರಬ್ಬರ್ ಹಾಕಿ ಅಳಿಸುವಂತಿಲ್ಲ. ಹಳೆಯ ಎಂಟ್ರಿ ಕಾಣುವಂತೆಯೇ ಇರಬೇಕು, ಅದನ್ನು ಸರಿಪಡಿಸುವ ಹೊಸ ಎಂಟ್ರಿ ಬರೆಯಬೇಕು.

ಆ ಹೊಸ ಎಂಟ್ರಿಗಳನ್ನು ಬರೆದವರ ಕಥೆ ಮುಂದಿದೆ.

ಟ್ಯಾಂಕಿನ ಪರಿಚಯ

ಬ್ರಿಟಿಷರ ಕಾಲದಲ್ಲಿ ರೆಜಿಮೆಂಟಿನ ಹೆಸರು, ಸಂಖ್ಯೆಗಳು ಹಲವು ಸಲ ಬದಲಾದವು. 1922ರಲ್ಲಿ ಕೆಲವು ಹಳೆಯ ಪಲ್ಟನ್‌ಗಳನ್ನು ಸೇರಿಸಿ 'ನಾಲ್ಕನೇ ಬಾಂಬೆ ಗ್ರೆನೇಡಿಯರ್ಸ್' ಎಂಬ ರೆಜಿಮೆಂಟ್ ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಅದರ ನಾಲ್ಕನೇ ಬೆಟಾಲಿಯನ್ ಬರ್ಮಾದಲ್ಲಿ ಟ್ಯಾಂಕ್ ಬ್ರಿಗೇಡಿನ ಜೊತೆಗಿತ್ತು. ಟ್ಯಾಂಕ್ ದೊಡ್ಡದಾದರೂ ಒಳಗಿನವರಿಗೆ ಸುತ್ತಮುತ್ತ ಸರಿಯಾಗಿ ಕಾಣುವುದಿಲ್ಲ. ಪೊದೆಯಲ್ಲಿ ಅಡಗಿದ ಒಬ್ಬ ಶತ್ರು ಹತ್ತಿರ ಬಂದು ಅದನ್ನು ಕೆಡವಬಹುದು. ಹಾಗಾಗದಂತೆ ಟ್ಯಾಂಕಿನ ಸುತ್ತ ಕಾವಲಿರುವುದೇ ಈ ಕಾಲಾಳುಗಳ ಕೆಲಸ.

1947ರಲ್ಲಿ ದೇಶದ ಜೊತೆ ಸೈನ್ಯವೂ ಎರಡಾಯಿತು. ಬಲೂಚ್, ಫ್ರಾಂಟಿಯರ್ ಫೋರ್ಸ್ ಮುಂತಾದ ರೆಜಿಮೆಂಟುಗಳು ಪಾಕಿಸ್ತಾನಕ್ಕೆ ಹೋದವು. ಗ್ರೆನೇಡಿಯರ್ಸ್ ಭಾರತದಲ್ಲಿ ಉಳಿಯಿತು. ಮರುವರ್ಷವೇ ಕಾಶ್ಮೀರದ ಗುರೇಸ್ ಕಣಿವೆಯಲ್ಲಿ ಮೊದಲನೇ ಬೆಟಾಲಿಯನ್ ಹೋರಾಡಿ ಸ್ವತಂತ್ರ ಭಾರತದ ಯುದ್ಧ ಗೌರವ ಪಡೆಯಿತು. 1962ರಲ್ಲಿ 4 ಗ್ರೆನೇಡಿಯರ್ಸ್ ಚೀನಾ ಗಡಿಯ ನಾಮ್ಕಾ ಚು ಹೊಳೆಯ ದಂಡೆಯಲ್ಲಿತ್ತು. ಅಲ್ಲಿ ನಮ್ಮ ಬ್ರಿಗೇಡ್ ಚಳಿಗೆ ಬೇಕಾದ ಬಟ್ಟೆ, ಸಾಕಷ್ಟು ಮದ್ದುಗುಂಡು ಇಲ್ಲದೆ ಹೋರಾಡಿ ಸೋತಿತು. ಆ ಸೋಲು ಕಂಡು ಹಿಂದಿರುಗಿದವರಲ್ಲಿ ಅಬ್ದುಲ್ ಹಮೀದ್ ಎಂಬ ಯುವಕನೂ ಇದ್ದ.

ದರ್ಜಿಯ ಮಗ, ಸ್ಟಾಕ್ ರಿಜಿಸ್ಟರಿನ ಹವಾಲ್ದಾರ್

ಅಬ್ದುಲ್ ಹಮೀದ್ ಹುಟ್ಟಿದ್ದು 1933ರ ಜುಲೈ 1ರಂದು, ಉತ್ತರ ಪ್ರದೇಶದ ಗಾಜಿಪುರ ಜಿಲ್ಲೆಯ ಧಾಮೂಪುರ ಎಂಬ ಹಳ್ಳಿಯಲ್ಲಿ. ತಂದೆ ದರ್ಜಿ. ಹಮೀದ್ ಕೂಡ ಮೊದಲು ತಂದೆಯ ಜೊತೆ ಬಟ್ಟೆ ಹೊಲಿಯುತ್ತಿದ್ದರು. ನಮ್ಮ ಅಬ್ಬಾ ಕೂಡ ದರ್ಜಿ. ಇದನ್ನು ಓದಿ ಹೇಳಿದಾಗ ಅವರು ಮೆಷಿನ್ ತುಳಿಯುವುದನ್ನು ನಿಲ್ಲಿಸಿ, "ಹಾಗಾದರೆ ಅವರ ಕಣ್ಣು ಚೂಪಾಗಿತ್ತು ಬಿಡು. ಸೂಜಿಗೆ ದಾರ ಪೋಣಿಸುವವನ ಗುರಿ ತಪ್ಪಲ್ಲ" ಎಂದರು.

ಅಬ್ಬಾ ಹೇಳಿದ್ದು ನಿಜವೇ ಆಗಿತ್ತು. 1954ರ ಡಿಸೆಂಬರಿನಲ್ಲಿ ಗ್ರೆನೇಡಿಯರ್ಸ್ ಸೇರಿದ ಹಮೀದ್ ಅವರನ್ನು ನಾಲ್ಕನೇ ಬೆಟಾಲಿಯನ್ನಿಗೆ ಕಳಿಸಿದರು. ಅಲ್ಲಿ ಐದು ವರ್ಷ ಟ್ಯಾಂಕ್ ಹೊಡೆಯುವ ತುಕಡಿಯಲ್ಲಿದ್ದರು. 106 ಮಿ.ಮೀ. ತೋಪಿನಲ್ಲಿ ಗುರಿ ಇಡುವುದರಲ್ಲಿ ಪಲ್ಟನ್ನಿಗೇ ಮೊದಲಿಗರು. ಆಮೇಲೆ ಬಡ್ತಿ ಸಿಕ್ಕಿ ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್ ಆದರು.

ಈ ಹುದ್ದೆಯ ಹೆಸರು ಉದ್ದ, ಆದರೆ ಕೆಲಸ ನಮ್ಮ ವಾಣಿಜ್ಯ ವಿಭಾಗದವರಿಗೆ ಬೇಗ ಅರ್ಥವಾಗುತ್ತದೆ. ಕಂಪನಿಯ ನೂರಕ್ಕೂ ಹೆಚ್ಚು ಜನರ ರೇಷನ್, ಬೂಟು, ಕಂಬಳಿ, ಸಮವಸ್ತ್ರ, ಮದ್ದುಗುಂಡು ಎಲ್ಲದರ ಲೆಕ್ಕ ಇಡುವವನು ಅವನೇ. ಎಷ್ಟು ಬಂತು, ಯಾರಿಗೆ ಎಷ್ಟು ಕೊಟ್ಟೆ, ಉಳಿದದ್ದೆಷ್ಟು ಎಂದು ಬರೆಯಬೇಕು. ಅಂದರೆ ಸ್ಟೋರ್ ಕೀಪರ್. ನಾವು ವೀರ ಎಂದರೆ ಸದಾ ಕತ್ತಿ ಹಿಡಿದವನನ್ನು ನೆನೆಯುತ್ತೇವೆ. ಈ ವೀರರ ಕೈಯಲ್ಲಿ ಇದ್ದದ್ದು ಸ್ಟಾಕ್ ರಿಜಿಸ್ಟರ್.

1965ರ ಯುದ್ಧ ಶುರುವಾದಾಗ ಬೆಟಾಲಿಯನ್ನಿನಲ್ಲಿ ಟ್ಯಾಂಕ್ ಹೊಡೆಯುವ ತುಕಡಿ ನಡೆಸಲು ತರಬೇತಾದ ಹವಾಲ್ದಾರರು ಇರಲಿಲ್ಲ. ಕಮಾಂಡಿಂಗ್ ಆಫೀಸರ್ ಹಮೀದ್ ಅವರನ್ನು ಸ್ಟೋರಿನಿಂದ ಕರೆದು ಆ ತೋಪುಗಳನ್ನು ಒಪ್ಪಿಸಿದರು.

ಜೀಪು ಮತ್ತು ಪ್ಯಾಟನ್

ಆ ತೋಪಿನ ವಿಷಯ ಸ್ವಲ್ಪ ಹೇಳಬೇಕು. ಸಾಮಾನ್ಯ ತೋಪು ಗುಂಡು ಹಾರಿಸಿದಾಗ ಹಿಂದಕ್ಕೆ ಜೋರಾಗಿ ಒದೆಯುತ್ತದೆ. ಅದಕ್ಕೇ ತೋಪುಗಳು ಭಾರವಾಗಿರಬೇಕು. ಈ 106 ಮಿ.ಮೀ. ತೋಪಿನ ಹಿಂಬದಿಯಲ್ಲಿ ರಂಧ್ರಗಳಿವೆ. ಗುಂಡು ಮುಂದಕ್ಕೆ ಹೋಗುವಾಗ ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ. ಎರಡೂ ಸರಿತೂಗಿ ಒದೆತವೇ ಇರುವುದಿಲ್ಲ. ಆದ್ದರಿಂದ ಇದು ಹಗುರ, ಒಂದು ಜೀಪಿನ ಮೇಲೆ ಕೂರಿಸಬಹುದು.

ಆದರೆ ಇದರಲ್ಲಿ ಒಂದು ದೋಷವಿದೆ. ಗುಂಡು ಹಾರಿಸಿದ ಕೂಡಲೇ ಹಿಂದಿನಿಂದ ದೊಡ್ಡ ಬೆಂಕಿ, ಧೂಳು ಏಳುತ್ತದೆ. ಎಲ್ಲಿಂದ ಹೊಡೆದರೆಂದು ಶತ್ರುವಿಗೆ ತಕ್ಷಣ ಗೊತ್ತಾಗುತ್ತದೆ. ಜೀಪಿಗೆ ಉಕ್ಕಿನ ಕವಚ ಇಲ್ಲ. ಆದ್ದರಿಂದ ಹೊಡೆದ ಕೂಡಲೇ ಜಾಗ ಬದಲಿಸಬೇಕು. ತಡಮಾಡಿದರೆ ಜೀಪೂ ಇಲ್ಲ, ಜೀವವೂ ಇಲ್ಲ. ಎದುರಿಗಿದ್ದದ್ದು ಅಮೆರಿಕದ ಪ್ಯಾಟನ್ ಟ್ಯಾಂಕ್. ತೂಕ ಸುಮಾರು 45 ಟನ್.

ಜಾಗ ಪಂಜಾಬಿನ ಖೇಮ್‌ಕರಣ್ ಪ್ರದೇಶ, ಆಗ ಅಮೃತಸರ ಜಿಲ್ಲೆ, ಈಗ ತರನ್ ತಾರನ್ ಜಿಲ್ಲೆ. ಸೆಪ್ಟೆಂಬರ್ 6ರಂದು ನಮ್ಮ ಸೈನ್ಯ ಲಾಹೋರ್ ಕಡೆಗೆ ಗಡಿ ದಾಟಿತು. ಈ ಭಾಗದಲ್ಲಿ ಮುಂದೆ ಹೋದ ನಮ್ಮ ನಾಲ್ಕನೇ ಮೌಂಟನ್ ಡಿವಿಷನ್ ಹಿಂದೆ ಸರಿಯಬೇಕಾಯಿತು. ಪಾಕಿಸ್ತಾನದ ಮೊದಲನೇ ಆರ್ಮರ್ಡ್ ಡಿವಿಷನ್ ಟ್ಯಾಂಕುಗಳೊಡನೆ ಒಳನುಗ್ಗಿತು. ಬಿಯಾಸ್ ನದಿಯ ಸೇತುವೆಯವರೆಗೆ ಹೋಗಿ, ಅಮೃತಸರವನ್ನು ದೇಶದಿಂದ ಕತ್ತರಿಸುವುದು ಅದರ ಗುರಿ. ನಮ್ಮವರು ಅಸಲ್ ಉತ್ತರ್ ಎಂಬ ಹಳ್ಳಿಯ ಸುತ್ತ ಕುದುರೆ ಲಾಳದ ಆಕಾರದಲ್ಲಿ ಕಂದಕ ತೋಡಿ ಕುಳಿತರು. ಸುತ್ತಲೂ ಆಳೆತ್ತರದ ಕಬ್ಬು. ನಮ್ಮ ಟ್ಯಾಂಕುಗಳು ಕಬ್ಬಿನಲ್ಲಿ ಅಡಗಿದವು. ಗದ್ದೆಗಳಿಗೆ ನೀರು ಬಿಟ್ಟು ನೆಲವನ್ನು ಕೆಸರು ಮಾಡಲಾಯಿತು. ಭಾರದ ಪ್ಯಾಟನ್‌ಗಳು ಆ ಕೆಸರಿನಲ್ಲಿ ಸಿಕ್ಕಿಕೊಂಡವು.

4 ಗ್ರೆನೇಡಿಯರ್ಸ್ ಇದ್ದದ್ದು ಚೀಮಾ ಎಂಬ ಹಳ್ಳಿಯ ಮುಂದೆ, ಭಿಖಿವಿಂಡ್‌ಗೆ ಹೋಗುವ ರಸ್ತೆಯ ಬಳಿ. ಸೆಪ್ಟೆಂಬರ್ 8ರ ಬೆಳಿಗ್ಗೆ ಅವರ ಕಂದಕ ಇನ್ನೂ ಮೂರು ಅಡಿ ಆಳವಷ್ಟೇ ಆಗಿತ್ತು. ಅಷ್ಟರಲ್ಲೇ ಟ್ಯಾಂಕುಗಳು ಬಂದವು. ಹಮೀದ್ ಜೀಪನ್ನು ಬೆಳೆಯ ಮರೆಯಲ್ಲಿ ನಿಲ್ಲಿಸಿ, ಟ್ಯಾಂಕ್ ತೀರಾ ಹತ್ತಿರ ಬರುವವರೆಗೆ ಉಸಿರು ಬಿಗಿಹಿಡಿದು ಕಾದು ಹೊಡೆದರು. ಟ್ಯಾಂಕಿಗೆ ಬೆಂಕಿ ಹತ್ತಿತು. ಹಿಂದೆ ಬರುತ್ತಿದ್ದವರು ತಮ್ಮ ಟ್ಯಾಂಕುಗಳನ್ನು ಬಿಟ್ಟು ಓಡಿದರು. ಎರಡು ದಿನ ಹೀಗೇ ನಡೆಯಿತು. ಮೇಲಿನಿಂದ ಸೇಬರ್ ವಿಮಾನಗಳ ದಾಳಿ, ಎದುರಿನಿಂದ ತೋಪು. ಪಲ್ಟನ್ ಕಂದಕ ಬಿಡಲಿಲ್ಲ.

ಸೆಪ್ಟೆಂಬರ್ 10ರ ಬೆಳಿಗ್ಗೆ 8 ಗಂಟೆಗೆ ಮತ್ತೆ ದೊಡ್ಡ ದಾಳಿ ಬಂತು. 9ರ ಹೊತ್ತಿಗೆ ಟ್ಯಾಂಕುಗಳು ಮುಂದಿನ ಕಂದಕಗಳೊಳಗೆ ನುಗ್ಗಿದವು. ಹಮೀದ್ ಜೀಪನ್ನು ಪಕ್ಕಕ್ಕೆ ಓಡಿಸಿ ಮುಂದಿನ ಟ್ಯಾಂಕನ್ನು ಹೊಡೆದರು. ತಕ್ಷಣ ಜಾಗ ಬದಲಿಸಿ ಇನ್ನೊಂದನ್ನು ಹೊಡೆದರು. ಅಷ್ಟರಲ್ಲಿ ಜೀಪು ಶತ್ರುವಿನ ಕಣ್ಣಿಗೆ ಬಿದ್ದಿತ್ತು. ಎಲ್ಲ ಕಡೆಯಿಂದ ಗುಂಡು ಸುರಿಯುತ್ತಿರುವಾಗಲೇ ಮತ್ತೊಂದು ಟ್ಯಾಂಕಿನ ಮೇಲೆ ಗುರಿ ಇಟ್ಟರು. ಅದೇ ಹೊತ್ತಿಗೆ ಒಂದು ಶೆಲ್ ಬಂದು ಬಿತ್ತು. ಅವರಿಗೆ ಆಗ 32 ವರ್ಷ.

ಅವರು ಒಟ್ಟು ಎಷ್ಟು ಟ್ಯಾಂಕ್ ಹೊಡೆದರು ಎಂಬ ಬಗ್ಗೆ ಪುಸ್ತಕಗಳಲ್ಲಿ ಬೇರೆ ಬೇರೆ ಸಂಖ್ಯೆಗಳಿವೆ. ಮೂರು ದಿನದ ಲೆಕ್ಕ ಸೇರಿಸಿ ಏಳು, ಎಂಟು ಎನ್ನುವವರಿದ್ದಾರೆ. ಪ್ರಶಸ್ತಿ ಪತ್ರದಲ್ಲಿರುವುದು ಕೊನೆಯ ದಿನದ ಹೋರಾಟ ಮಾತ್ರ. ನಾನು ಪತ್ರದಲ್ಲಿರುವಷ್ಟನ್ನೇ ಇಲ್ಲಿ ಬರೆದಿದ್ದೇನೆ. ಅಷ್ಟೇ ಸಾಕು, ಸಂಖ್ಯೆ ಹೆಚ್ಚಿಸಿದರೆ ಅವರು ದೊಡ್ಡವರಾಗುವುದಿಲ್ಲ.

ಒಬ್ಬರೇ ಗೆಲ್ಲಿಸಿದ್ದಲ್ಲ

ಅಸಲ್ ಉತ್ತರ್ ಗೆಲುವು ಹಮೀದ್ ಒಬ್ಬರದ್ದು ಎಂದು ಹೇಳಿದರೆ ಅದೂ ವೋಚರ್ ಇಲ್ಲದ ಎಂಟ್ರಿಯಾಗುತ್ತದೆ. ಡಿವಿಷನ್ನಿನ ನಾಯಕ ಮೇಜರ್ ಜನರಲ್ ಗುರ್ಬಕ್ಷ್ ಸಿಂಗ್. ಟ್ಯಾಂಕ್ ಬ್ರಿಗೇಡಿನ ನಾಯಕ ಬ್ರಿಗೇಡಿಯರ್ ಥಿಯೋಗರಾಜ್. ಕಬ್ಬಿನ ಗದ್ದೆಯಲ್ಲಿ ಅಡಗಿ ಪ್ಯಾಟನ್‌ಗಳನ್ನು ಹೊಡೆದ 3 ಕ್ಯಾವಲ್ರಿಯ ನಾಯಕ ಲೆಫ್ಟಿನೆಂಟ್ ಕರ್ನಲ್ ಸಲೀಂ ಕೇಲೆಬ್. ಈ ಹೆಸರುಗಳನ್ನು ಒಮ್ಮೆ ಜೋರಾಗಿ ಓದಿ ನೋಡಿ. ಇವರ ಕೈಕೆಳಗೆ ಕಂದಕ ತೋಡಿದವರು, ಮೈನ್ ಹೂತವರು, ಹೆಸರು ಎಲ್ಲೂ ಅಚ್ಚಾಗದ ನೂರಾರು ಜನ. ಭಾರತದ ಲೆಕ್ಕದಂತೆ ಆ ಮೂರು ದಿನಗಳಲ್ಲಿ ಶತ್ರುವಿನ ತೊಂಬತ್ತಕ್ಕೂ ಹೆಚ್ಚು ಟ್ಯಾಂಕುಗಳು ನಾಶವಾದವು ಇಲ್ಲವೇ ಕೈಗೆ ಸಿಕ್ಕವು. ಭಿಖಿವಿಂಡ್ ಬಳಿ ಅವನ್ನು ಸಾಲಾಗಿ ನಿಲ್ಲಿಸಿದ ಜಾಗಕ್ಕೆ ಜನ 'ಪ್ಯಾಟನ್ ನಗರ' ಎಂದೇ ಹೆಸರಿಟ್ಟರು.

1965ರ ಯುದ್ಧದಲ್ಲಿ ಪರಮವೀರ ಚಕ್ರ ಪಡೆದವರು ಇಬ್ಬರೇ. ಒಬ್ಬರು ಅಬ್ದುಲ್ ಹಮೀದ್, ಇನ್ನೊಬ್ಬರು ಪೂನಾ ಹಾರ್ಸ್‌ನ ಲೆಫ್ಟಿನೆಂಟ್ ಕರ್ನಲ್ ತಾರಾಪೋರ್, ಪಾರ್ಸಿ ಸಮುದಾಯದವರು. 'ಅಸಲ್ ಉತ್ತರ್' ಎಂಬುದು 4 ಗ್ರೆನೇಡಿಯರ್ಸ್‌ನ ಯುದ್ಧ ಗೌರವವಾಯಿತು. ಇದೇ ರೆಜಿಮೆಂಟಿಗೆ ಆಮೇಲೆ ಇನ್ನೂ ಎರಡು ಪರಮವೀರ ಚಕ್ರ ಬಂದವು: 1971ರಲ್ಲಿ ಮೂರನೇ ಬೆಟಾಲಿಯನ್ನಿನ ಮೇಜರ್ ಹೋಶಿಯಾರ್ ಸಿಂಗ್ ಅವರಿಗೆ, 1999ರಲ್ಲಿ ಟೈಗರ್ ಹಿಲ್ ಹತ್ತಿದ ಹದಿನೆಂಟನೇ ಬೆಟಾಲಿಯನ್ನಿನ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ. ಯಾದವ್ ಅವರಿಗೆ ಆಗ 19 ವರ್ಷ. ನಮಗಿಂತ ಎರಡೇ ವರ್ಷ ದೊಡ್ಡವರು.

ದಾದಿ ಕೇಳಿದ ಪ್ರಶ್ನೆ

ಇದೆಲ್ಲವನ್ನೂ ಒಂದು ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಓದಿ ಹೇಳಿದೆ. ತಮ್ಮ ಟ್ಯಾಂಕ್ ಎಷ್ಟು ದೊಡ್ಡದು ಎಂದು ಕೇಳಿದ. ದಾದಿ ಮಾತ್ರ ಬೇರೆ ಕೇಳಿದರು: "ಉನ್ಕಿ ಬೀವಿ ಕಾ ಕ್ಯಾ ಹುವಾ?" ಅವರ ಹೆಂಡತಿಯ ಕಥೆ ಏನಾಯಿತು ಎಂದು. ನಾನು ಅದನ್ನು ನೋಡಿಯೇ ಇರಲಿಲ್ಲ.

ಅವರ ಹೆಸರು ರಸೂಲನ್ ಬೀಬಿ. 1966ರ ಜನವರಿ 26ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಅವರ ಕೈಯಿಂದ ಗಂಡನ ಪರಮವೀರ ಚಕ್ರ ಪಡೆದವರು ಅವರೇ. ಐವರು ಮಕ್ಕಳನ್ನು ಬೆಳೆಸಿದರು. 2019ರವರೆಗೆ ಬದುಕಿದ್ದರು. ಅಂದರೆ ಗಂಡನಿಲ್ಲದೆ ಐವತ್ತಕ್ಕೂ ಹೆಚ್ಚು ವರ್ಷ. ಹಮೀದ್ ಅವರ ಮಜಾರ್ ಹುಟ್ಟೂರಿನಲ್ಲಿಲ್ಲ, ಪಂಜಾಬಿನ ಅಸಲ್ ಉತ್ತರ್ ಹಳ್ಳಿಯಲ್ಲೇ ಇದೆ. ಇದನ್ನು ಹೇಳಿದಾಗ ದಾದಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಇಬ್ಬರ ಹೆಸರಲ್ಲೂ ಫಾತಿಹಾ ಓದಿದರು.

2000ನೇ ಇಸವಿಯಲ್ಲಿ ಅಂಚೆ ಇಲಾಖೆ ಹಮೀದ್ ಅವರ ಹೆಸರಿನಲ್ಲಿ 3 ರೂಪಾಯಿಯ ಅಂಚೆಚೀಟಿ ತಂದಿತು. 2023ರಲ್ಲಿ ಅಂಡಮಾನ್ ನಿಕೋಬಾರಿನ 21 ದ್ವೀಪಗಳಿಗೆ 21 ಪರಮವೀರ ಚಕ್ರ ವಿಜೇತರ ಹೆಸರಿಟ್ಟಾಗ ಒಂದು ದ್ವೀಪಕ್ಕೆ ಅವರ ಹೆಸರೂ ಬಂತು.

ಅಸಲು

ಆ ಹಳ್ಳಿಯ ಹೆಸರನ್ನು 'ನಿಜವಾದ ಉತ್ತರ' ಎಂದು ಅರ್ಥ ಮಾಡಬಹುದು. ಯುದ್ಧದ ನಂತರ ಎಲ್ಲರೂ ಹಾಗೆಯೇ ಹೇಳಿದರು. 'ಅಸಲ್' ಅರಬ್ಬಿಯಿಂದ ಉರ್ದುವಿಗೆ ಬಂದ ಪದ, 'ಉತ್ತರ' ಸಂಸ್ಕೃತದ್ದು. ನಮ್ಮ ಕನ್ನಡದಲ್ಲೂ ಅಸಲು ಇದೆ. ಅಸಲು, ಬಡ್ಡಿ ಎಂದು ಬ್ಯಾಂಕಿನಲ್ಲಿ ಹೇಳುತ್ತೇವಲ್ಲ, ಅದೇ. ಮನೆಯ ಭಾಷೆ, ಕಾಲೇಜಿನ ಭಾಷೆ, ಓದುವ ವಿಷಯ ಮೂರೂ ಒಂದು ಹಳ್ಳಿಯ ಹೆಸರಿನಲ್ಲಿ ನನಗೆ ಸಿಕ್ಕವು.

ಕೊನೆಗೆ ಮೂರು ವಾರ ತಡವಾಗಿ ಆ ಗುಂಪಿನಲ್ಲಿ ನನ್ನ ಉತ್ತರ ಬರೆದೆ. ಮುಸ್ಲಿಂ ರೆಜಿಮೆಂಟ್ ಎಂಬುದು ಇರಲಿಲ್ಲ ಎಂದು ಬರೆದೆ. ಗ್ರೆನೇಡಿಯರ್ಸ್ ಕಥೆ ಬರೆದೆ. ಮಂಗಳೂರಿನ ಪುಟವನ್ನೂ ಬಿಡದೆ ಬರೆದೆ. ಎರಡು ದಿನ ಯಾರೂ ಮಾತಾಡಲಿಲ್ಲ. ಮೂರನೇ ದಿನ ಬಸ್ ಸ್ಟಾಪಿನಲ್ಲಿ, ಸಂದೇಶ ಕಳಿಸಿದ್ದ ಅದೇ ಗೆಳೆಯ ಹತ್ತಿರ ಬಂದು, "ಆ ತೋಪು ಹಿಂದಕ್ಕೂ ಬೆಂಕಿ ಉಗುಳಿದ್ರೆ, ಹಿಂದೆ ನಿಂತವನ ಗತಿ ಏನೋ?" ಎಂದು ಕೇಳಿದ. ಹಿಂದೆ ಯಾರೂ ನಿಲ್ಲಬಾರದು, ಅದನ್ನೇ ಮೊದಲು ಕಲಿಸುತ್ತಾರೆ ಎಂದೆ. ಬಸ್ ಬರುವವರೆಗೆ ಅದೇ ಮಾತು. ಆಮೇಲೆ ಅವನು ಗುಂಪಿನಲ್ಲಿ ತನ್ನ ಹಳೆಯ ಸಂದೇಶದ ಕೆಳಗೆ 'ಇದು ತಪ್ಪು, ಮೇಲೆ ಸರಿಯಾದದ್ದು ಇದೆ' ಎಂದು ಬರೆದ. ಹಳೆಯದನ್ನು ಅಳಿಸಲಿಲ್ಲ. ಅಳಿಸದೇ ಇದ್ದದ್ದು ಒಳ್ಳೆಯದೇ ಆಯಿತು.

ಸ್ನೇಹಿತರೇ, ಈ ಲೇಖನ ಓದಿ ಯಾರಾದರೂ 'ನೋಡಿ, ನಾವೂ ದೇಶಕ್ಕಾಗಿ ಸತ್ತಿದ್ದೇವೆ' ಎಂದು ಜಗಳಕ್ಕೆ ಹೋಗಬೇಕೆಂದು ನಾನು ಬರೆದಿಲ್ಲ. ಅಬ್ದುಲ್ ಹಮೀದ್ ಯಾರಿಗೂ ಏನನ್ನೂ ಸಾಬೀತು ಮಾಡಲು ಜೀಪು ಹತ್ತಲಿಲ್ಲ. ತನ್ನ ಪಲ್ಟನ್ ಕಂದಕದಲ್ಲಿತ್ತು, ತೋಪು ನಡೆಸಲು ಅವರಿಗೆ ಗೊತ್ತಿತ್ತು, ಹೋದರು. ನಮ್ಮ ಕೆಲಸ ಅಷ್ಟು ಕಷ್ಟದ್ದಲ್ಲ. ಮುಂದಿನ ಸಲ ಇಂಥ ಸಂದೇಶ ಬಂದಾಗ, ಅದು ನಮ್ಮನ್ನು ಹೊಗಳಿದರೂ ಸರಿ, ತೆಗಳಿದರೂ ಸರಿ, ಮುಂದಕ್ಕೆ ಕಳಿಸುವ ಮೊದಲು ಒಮ್ಮೆ ಕೇಳೋಣ: ಇದಕ್ಕೆ ವೋಚರ್ ಎಲ್ಲಿದೆ?

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ